ಪರೀಕ್ಷೆ ವಾರದಲ್ಲಿ ಬಂಡೀಪುರ: ಶಿರಸಿಯಿಂದ ಬೈಕಿನಲ್ಲಿ

"ಬೇಸಿಗೇಲಿ ಬಂಡೀಪುರ, ಅದೂ ಬೈಕಲ್ಲಿ? ಮಳ್ಳು ಹಿಡಿದಿದ್ಯನೋ ಮಾರಾಯ?"

ನಮ್ಮ ಬಳಗದಲ್ಲಿ ಎಲ್ಲರದ್ದೂ ಇದೇ ಮಾತು. ತಪ್ಪು ಅವರದ್ದಲ್ಲ. ಎರಡು ಸಲ ಹೋಗಿ ಸೋತು ಬಂದವನು ನಾನೇ.

ಮೊದಲ ಸಲ 2017ರ ಮೇ. ಬಂಡೀಪುರ ಕಾಡು ದಾಟಿ ತಮಿಳುನಾಡಿನ ಕಡೆ ಸಿಗುವ ಮಸಿನಗುಡಿಯಲ್ಲಿ ರೂಮಿಗೆ ಎರಡೂವರೆ ಸಾವಿರ ಮುಂಗಡ ಕಟ್ಟಿದ್ದೆ. ಬೆಳಿಗ್ಗೆ ದೋಸೆ ತಿಂದು, ಎಂಟಕ್ಕೆ ಆರಾಮಾಗಿ ಹೊರಟೆ. ಅಲ್ಲೇ ಕೆಟ್ಟಿದ್ದು. ಕಡೂರು ದಾಟುವಾಗ ನೆತ್ತಿ ಸುಡುತ್ತಿತ್ತು. ಬಾಣಾವರದ ಹತ್ತಿರ ಹಿಂದಿನ ಟ್ಯೂಬ್ ಪಂಕ್ಚರ್. ಕಾಡಿನ ಬಾಗಿಲಲ್ಲಿರುವ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಮುಟ್ಟಿದಾಗ ರಾತ್ರಿ ಒಂಬತ್ತು ಹತ್ತು. ಒಂಬತ್ತರಿಂದ ಬೆಳಗಿನ ಆರರವರೆಗೆ ಕಾಡಿನ ರಸ್ತೆ ಬಂದ್. 2009ರಿಂದ ಇರುವ ನಿಯಮ, ನನಗೇನು ಗೊತ್ತಿರಲಿಲ್ಲವೇ? ಹತ್ತು ನಿಮಿಷಕ್ಕೆ ಎರಡೂವರೆ ಸಾವಿರ ಹೋಯಿತು.

ಎರಡನೇ ಸಲ 2019ರಲ್ಲಿ, ಮೇ ರಜೆಯ ಶನಿವಾರ. ಸಫಾರಿ ಟಿಕೆಟ್ ಸಿಗಲಿಲ್ಲ. ಗೋಪಾಲಸ್ವಾಮಿ ಬೆಟ್ಟಕ್ಕಾದರೂ ಹೋಗೋಣ ಅಂದರೆ ಮೇಲಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಕೆಳಗೆ ಬೈಕ್ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಿಗೆ ಒಂದೂವರೆ ತಾಸು ನಿಂತೆ. ಹುಲಿ ಸಾಯಲಿ, ಜಿಂಕೆಯನ್ನೂ ಸರಿಯಾಗಿ ನೋಡಲಿಲ್ಲ.

ಮೂರನೇ ಸಲ ನಕ್ಷೆ ಬಿಟ್ಟು ಕ್ಯಾಲೆಂಡರ್ ಹಿಡಿದು ಕೂತೆ. 2022ರಲ್ಲಿ ಯುಗಾದಿ ಏಪ್ರಿಲ್ 2ಕ್ಕೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಇನ್ನೂ ನಡೆಯುತ್ತಿತ್ತು. ಮಕ್ಕಳ ಪರೀಕ್ಷೆ ಮುಗಿಯದೆ ಅಪ್ಪ ಅಮ್ಮ ಕಾರು ಹೊರಗೆ ತೆಗೆಯುವುದಿಲ್ಲ ಅಲ್ವಾ? ಇನ್ನೂ ಒಂದು ಲೆಕ್ಕ ಇತ್ತು. ಮೇ ತಿಂಗಳಲ್ಲಿ ಎರಡು ಮಳೆ ಬಿದ್ದರೆ ಸಾಕು, ಕಾಡೊಳಗೆ ಅಲ್ಲಲ್ಲಿ ನೀರು ನಿಲ್ಲುತ್ತದೆ. ಪ್ರಾಣಿಗಳು ಕೆರೆಗೇ ಬರಬೇಕೆಂದಿಲ್ಲ. ಅದಕ್ಕೇ ಏಪ್ರಿಲ್ ಮೊದಲ ವಾರ, ಸೋಮವಾರ ಹೊರಡುವುದು ಅಂತ ಮಾಡಿದೆ.

ಬೆಳಗಿನ ಜಾವ ನಾಲ್ಕಕ್ಕೆ ಶಿರಸಿ ಬಿಟ್ಟೆ. ಸಿದ್ದಾಪುರ, ಸಾಗರ ಚಳಿಯಲ್ಲೇ ದಾಟಿತು. ಶಿವಮೊಗ್ಗದಲ್ಲಿ ಇಡ್ಲಿ. ಹತ್ತೂವರೆಗೆ ಅರಸೀಕೆರೆ, ಬಿಸಿಲು ತಪ್ಪಿಸಲು ಅಲ್ಲೇ ಗಾಡಿ ನಿಲ್ಲಿಸಿದೆ. ಮೂರೂವರೆವರೆಗೆ ಮಲಗಿದೆ. ಎಲ್ಲಿ ಮಲಗಿದೆ ಎಂದು ಹೇಳುವುದಿಲ್ಲ, ಫ್ಯಾನೂ ಇತ್ತು, ದುಡ್ಡೂ ಕೊಡಲಿಲ್ಲ. ರಾತ್ರಿ ಒಂಬತ್ತರ ಸುಮಾರಿಗೆ ಗುಂಡ್ಲುಪೇಟೆ, ಕಾಡಿನ ಗೇಟಿಗಿಂತ ಮೊದಲೇ ಸಿಗುವ ಊರು. ಕಾಡಿನಾಚೆಯ ರೂಮಿನ ಆಸೆ ಬಿಟ್ಟಿದ್ದರಿಂದ ಗೇಟಿನ ಗಡಿಬಿಡಿಯೇ ಇಲ್ಲ. ರೂಮಿಗೆ ಎಂಟುನೂರು.

ದಾರಿಯಲ್ಲಿ ಒಂದೆರಡು ಪ್ರಯೋಗ ಮಾಡಿದೆ. ಸೀಟು ಕಾಯಬಾರದೆಂದು ಅಡಿಕೆ ಹಾಳೆ ಕತ್ತರಿಸಿ ಕಟ್ಟಿದ್ದೆ. ತಂಪೇನೋ ಇತ್ತು, ಆದರೆ ಬ್ರೇಕ್ ಹಾಕಿದಾಗಲೆಲ್ಲ ಜಾರಿ ಟ್ಯಾಂಕಿಗೆ ಬಡಿಯುತ್ತಿದ್ದೆ. ಬಡಿದ ಜಾಗ ಹೇಳಬೇಕಿಲ್ಲ. ತರೀಕೆರೆಯಲ್ಲಿ ಬಿಸಾಡಿದೆ. ಜಾಕೆಟ್ ಒಳಗೆ ಒದ್ದೆ ಪಂಚೆ ಸುತ್ತಿಕೊಂಡಿದ್ದು ಮಾತ್ರ ಭರ್ಜರಿ ಗೆದ್ದಿತು. ಕಡೂರು ಕಡೆಯ ಒಣ ಗಾಳಿಗೆ ಮೈ ತಣ್ಣಗಾಗುತ್ತದೆ, ಮುಕ್ಕಾಲು ತಾಸಿಗೆ ಮತ್ತೆ ಒದ್ದೆ ಮಾಡಿದರಾಯಿತು. ಇದನ್ನೇ ಕುಮಟಾ, ಕಾರವಾರದ ದಾರಿಯಲ್ಲಿ ಮಾಡಿ ನೋಡಿದ್ದೇನೆ. ಅಲ್ಲಿನ ಸೆಕೆಯಲ್ಲಿ ಪಂಚೆ ಆರುವುದೇ ಇಲ್ಲ, ಸುಮ್ನೆ ಬೆವರಿನ ಜೊತೆ ಇನ್ನಷ್ಟು ನೀರು. ಮುರುಗಲು (ಕೋಕಂ) ಪಾನಕಕ್ಕೆ ಉಪ್ಪು ಹಾಕಿ ಎರಡು ಬಾಟಲಿ ಒಯ್ದಿದ್ದೆ. ಜೊತೆಗೆ ಇನ್ನೊಂದು ಪುಡಿ ಹಾಕುತ್ತೇನೆ, ಅದು ನಮ್ಮನೆ ಗುಟ್ಟು.

ಮಂಗಳವಾರ ಬೆಳಿಗ್ಗೆ ಐದೂವರೆಗೆ ಮೇಲುಕಾಮನಹಳ್ಳಿಯ ಸಫಾರಿ ಕೌಂಟರಿನ ಮುಂದೆ ನಾನು ನಾಲ್ಕನೆಯವನು. ಮೊದಲ ಬಸ್ಸಿನಲ್ಲೇ ಸೀಟು, ಅದೂ ಕಿಟಕಿ ಪಕ್ಕ. ಲಂಟಾನ ಪೊದೆ ಒಣಗಿ ಎಲೆ ಉದುರಿತ್ತು, ಹಾಗಾಗಿ ಕಣ್ಣು ದೂರಕ್ಕೆ ಹೋಗುತ್ತಿತ್ತು. ಸೀಳುನಾಯಿ ಆರೋ ಏಳೋ ಕಂಡವು. ಆಮೇಲೆ ಒಂದು ಕೆರೆಯಲ್ಲಿ ಹುಲಿ. ಸೊಂಟದವರೆಗೆ ನೀರಲ್ಲಿ ಕೂತಿತ್ತು, ನಮ್ಮೂರ ಎಮ್ಮೆ ಹಾಗೆ. ಎರಡು ನಿಮಿಷ ಇರಬಹುದು. ಬಸ್ಸಿನಲ್ಲಿ ಯಾರೂ ಉಸಿರು ಬಿಡಲಿಲ್ಲ.

ಹೋಗಿ ಬಂದು 950 ಕಿಲೋಮೀಟರ್ ಚಿಲ್ಲರೆ. ನನ್ನ ಯೂನಿಕಾರ್ನ್ ಬೈಕು ಲೀಟರಿಗೆ ಐವತ್ತರ ಹತ್ತಿರ ಕೊಟ್ಟಿತು. ಆಗ ಪೆಟ್ರೋಲ್ 110 ಮುಟ್ಟಿತ್ತು, ಅದಕ್ಕೇ ಎರಡು ಸಾವಿರದ ಮೇಲೆ. ಎರಡು ರಾತ್ರಿ ರೂಮು, ಊಟ, ಸಫಾರಿ ಎಲ್ಲ ಸೇರಿ ಐದೂವರೆ ಸಾವಿರದೊಳಗೆ ಮುಗಿಯಿತು.

ಮಳ್ಳು ಎಂದಿದ್ದ ಗೆಳೆಯನೇ ಮೊನ್ನೆ ಫೋನ್ ಮಾಡಿ ಲಾಡ್ಜಿನ ಹೆಸರು ಕೇಳಿದ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಹತ್ತಿರ ಬೇಕಾದಷ್ಟಿವೆ ಅಂದೆ.