ಸ್ಪೆಕ್ಟ್ರೋಗ್ರಾಫಿಗೆ ಡಿಟೆಕ್ಟರ್ ಕೂರಿಸುವುದು ಹೇಗೆ?

ಸ್ಪೆಕ್ಟ್ರೋಗ್ರಾಫ್ ಎಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ದಾಖಲಿಸುವ ಉಪಕರಣ: ಬೆಳಕು ಒಳಬರುವ ಸೀಳು ಸ್ಲಿಟ್, ಬಣ್ಣ ಬಿಡಿಸುವ ಗೀರುಗಳ ಫಲಕ ಗ್ರೇಟಿಂಗ್, ಬಿಡಿಸಿದ್ದನ್ನು ಸೆರೆಹಿಡಿಯುವ ಚಿಪ್ ಡಿಟೆಕ್ಟರ್. ಸ್ಲಿಟ್ ಎಷ್ಟೇ ಕಿರಿದಾಗಿರಲಿ, ಗ್ರೇಟಿಂಗ್ ಎಷ್ಟೇ ಚೊಕ್ಕವಾಗಿರಲಿ, ಡಿಟೆಕ್ಟರ್ ತನ್ನ ಜಾಗದಲ್ಲಿ ಕೂರದಿದ್ದರೆ ರೋಹಿತದ ಗೆರೆಗಳು ಊದಿಕೊಳ್ಳುತ್ತವೆ. ಎಫ್/4 ಉಪಕರಣದಲ್ಲಿ (ಫೋಕಲ್ ದೂರ ಬೆಳಕಿನ ಕಿಂಡಿಯ ಅಗಲದ ನಾಲ್ಕರಷ್ಟು) ಫೋಕಸ್ 100 ಮೈಕ್ರಾನ್ ತಪ್ಪಿದರೆ ಗೆರೆ 25 ಮೈಕ್ರಾನಿನಷ್ಟು ಹರಡುತ್ತದೆ. ಹೆಚ್ಚುಕಡಿಮೆ ಒಂದು ಪಿಕ್ಸೆಲ್ ಹೋದಂತೆ. ಇಲ್ಲಿ ಹೇಳುವುದು 300 ಮಿ.ಮೀ. ಫೋಕಲ್ ದೂರದ ಚೆರ್ನಿ-ಟರ್ನರ್ (ಎರಡು ಕನ್ನಡಿಗಳ ನಡುವೆ ಗ್ರೇಟಿಂಗ್ ಇರುವ) ಉಪಕರಣ, ಮಿಲಿಮೀಟರಿಗೆ 1200 ಗೀರುಗಳ ಗ್ರೇಟಿಂಗ್, 26 ಮೈಕ್ರಾನ್ ಪಿಕ್ಸೆಲ್‌ಗಳ 1024×256 ಸಿಸಿಡಿ ಡಿಟೆಕ್ಟರಿನ ಲೆಕ್ಕ.

ಬೆಳಕಿಗೆ ಪೆನ್ನಿನಾಕಾರದ ಪಾದರಸ-ಆರ್ಗಾನ್ ದೀಪ ಸಾಕು. ಅದರ ನೇರಳಾತೀತ ಕಿರಣ ಕಣ್ಣಿಗೆ ಕೆಟ್ಟದ್ದು, ಅದನ್ನು ತಡೆಯುವ ಕನ್ನಡಕ ಹಾಕಿಕೊಳ್ಳಿ. ದೀಪಕ್ಕೂ ಸ್ಲಿಟ್ಟಿಗೂ ನಡುವೆ ಮಬ್ಬು ಗಾಜೊಂದನ್ನು ಇಡುವುದನ್ನು ಮರೆಯಬೇಡಿ. ಬೆಳಕು ಗ್ರೇಟಿಂಗನ್ನು ಪೂರ್ತಿ ತುಂಬದಿದ್ದರೆ ಫೋಕಸ್ ಎಲ್ಲಿಟ್ಟರೂ ಸರಿಯಿದ್ದಂತೆ ಕಾಣುತ್ತದೆ. ಆಮೇಲೆ ನಿಜವಾದ ಮಾದರಿ ಇಟ್ಟಾಗ ಮೋಸ ಗೊತ್ತಾಗುತ್ತದೆ. ಸ್ಲಿಟ್ 10 ಮೈಕ್ರಾನಿಗೆ ಇಳಿಸಿ. 100 ಮೈಕ್ರಾನ್ ಇಟ್ಟರೆ ಕಾಣುವುದು ಸ್ಲಿಟ್ಟಿನ ಅಗಲವೇ ಹೊರತು ಫೋಕಸ್ ಅಲ್ಲ. ಕ್ಯಾಮೆರಾ (ಡಿಟೆಕ್ಟರ್ ಇರುವ ಪೆಟ್ಟಿಗೆ) ಕೆಲಸದ ತಾಪಮಾನಕ್ಕೆ ತಣಿದ ಮೇಲಷ್ಟೇ ಶುರುಮಾಡಿ, ತಣಿಯುವಾಗ ಚಿಪ್ ಕೊಂಚ ಸರಿಯಬಹುದು.

546.07 ನ್ಯಾನೊಮೀಟರಿನ ಹಸಿರು ಗೆರೆಯನ್ನು ನಡುವಿಗೆ ತನ್ನಿ. (435.83ರ ನೀಲಿ ಗೆರೆಯೂ ಆದೀತು. 1928ರಲ್ಲಿ ರಾಮನ್ ಮತ್ತು ಕೃಷ್ಣನ್ ದ್ರವಗಳ ಮೇಲೆ ಹಾಯಿಸಿದ್ದು ಪಾದರಸದ ಆ ಬೆಳಕನ್ನೇ.) 16 ಬಿಟ್ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ತೋರಿಸಬಲ್ಲ ಬೆಳಕಿನ ಎಣಿಕೆಯ ಮಿತಿ 65,535. ಗೆರೆಯ ತುದಿ 30-40 ಸಾವಿರ ದಾಟದಂತೆ ಎಕ್ಸ್‌ಪೋಷರ್ ಕಡಿಮೆ ಮಾಡಿ. ತಲೆ ಚಪ್ಪಟೆಯಾದ ಗೆರೆಯ ಅಗಲ ಅಳೆದು ಪ್ರಯೋಜನವಿಲ್ಲ.

ಫೋಕಸಿಗೆ ಮುಂಚೆ ಗೆರೆ ನೆಟ್ಟಗಿರಬೇಕು. ಓರೆಯಾಗಿದ್ದರೆ, 256 ಸಾಲುಗಳನ್ನೂ ಕೂಡಿಸಿ ಓದುವಾಗ ಅದೇ ಅಗಲವಾಗಿ ಕಾಣುತ್ತದೆ, ನೀವು ಸುಮ್ಮನೆ ಫೋಕಸ್ ತಿರುವುತ್ತಾ ಕೂರುತ್ತೀರಿ. ಪೂರ್ತಿ ಚಿತ್ರ ತೆಗೆದು ಮೇಲೆ, ನಡುವೆ, ಕೆಳಗೆ ಗೆರೆಯ ಸ್ಥಾನ ಬರೆದುಕೊಳ್ಳಿ. ಮೇಲಿನಿಂದ ಕೆಳಗೆ 2 ಪಿಕ್ಸೆಲ್ ಜಾರಿದ್ದರೆ ಓರೆ ಸುಮಾರು 0.45 ಡಿಗ್ರಿ. ಡಿಟೆಕ್ಟರನ್ನು ಅಷ್ಟು ತಿರುಗಿಸಿ. ಮೇಲಿನದೂ ಕೆಳಗಿನದೂ ಒಂದೇ ಕಡೆಗೆ ಜಾರಿದ್ದರೆ ಅದು ಓರೆಯಲ್ಲ, ಗೆರೆಯ ಬಾಗು. ಗ್ರೇಟಿಂಗಿನ ಗುಣವೇ ಅದು, ತಿರುಗಿಸಿದರೆ ಹೋಗುವುದಿಲ್ಲ.

ಇನ್ನೊಂದು ಪರೀಕ್ಷೆಯನ್ನು ಹಲವರು ಬಿಟ್ಟುಬಿಡುತ್ತಾರೆ. ಒಂದೇ ಎಳೆ ಫೈಬರಿನಿಂದ ಬಿಳಿ ಬೆಳಕು ಕೊಡಿ. ತೆಳುವಾದ ಅಡ್ಡ ಪಟ್ಟಿಯೊಂದು ಮೂಡುತ್ತದೆ. ಗೆರೆ ನೆಟ್ಟಗಿದ್ದೂ ಈ ಪಟ್ಟಿ ಒಂದು ಅಂಚಿನಿಂದ ಇನ್ನೊಂದಕ್ಕೆ ಇಳಿಜಾರಾಗಿದ್ದರೆ ತಪ್ಪು ಡಿಟೆಕ್ಟರಿನದಲ್ಲ, ಸ್ಲಿಟ್ಟೇ ಓರೆ. ಆಗ ಪಟ್ಟಿಗೆ ಸರಿಯಾಗಿ ಡಿಟೆಕ್ಟರ್ ಇಟ್ಟು, ಗೆರೆಗೆ ಸರಿಯಾಗಿ ಸ್ಲಿಟ್ ತಿರುಗಿಸಬೇಕು.

ಈಗ ಫೋಕಸ್. ಡಿಟೆಕ್ಟರನ್ನು 50 ಮೈಕ್ರಾನಿನ ಹೆಜ್ಜೆಯಲ್ಲಿ ಹಿಂದೆ ಮುಂದೆ ಸರಿಸುತ್ತಾ, ಪ್ರತಿ ಹೆಜ್ಜೆಗೂ ಗೆರೆಯ ಎತ್ತರದ (ಅಂದರೆ ತುದಿಯ ಎಣಿಕೆಯ) ಅರ್ಧದಲ್ಲಿ ಅದರ ಅಗಲ ಅಳೆಯಿರಿ. ಅಗಲ ಇಳಿದು ಮತ್ತೆ ಏರುವ ತನಕ ಹೋಗಿ. ಹಿಂದಕ್ಕೆ ಹೋಗಿ ಮತ್ತೆ ಅದೇ ದಿಕ್ಕಿನಿಂದ ತಗ್ಗಿಗೆ ಬನ್ನಿ. ಹಾಗೆ ಮಾಡದಿದ್ದರೆ ಸ್ಕ್ರೂವಿನ ಸಡಿಲಿಕೆ ಲೆಕ್ಕ ಕೆಡಿಸುತ್ತದೆ. ಎತ್ತರವನ್ನೊಂದೇ ನಂಬಬೇಡಿ: ಗೆರೆ ಎರಡು ಪಿಕ್ಸೆಲ್‌ಗಳ ನಡುವೆ ಬಿದ್ದರೆ ಫೋಕಸ್ ಸರಿಯಿದ್ದರೂ ಎತ್ತರ ಕುಗ್ಗುತ್ತದೆ. ಸುಮಾರು 2 ಪಿಕ್ಸೆಲ್ ಅಗಲಕ್ಕೆ ಬಂದರೆ ತೃಪ್ತಿಪಡಿ. ಒಂದೇ ಪಕ್ಕಕ್ಕೆ ಬಾಲ ಉಳಿದರೆ ಅದು ಕನ್ನಡಿಗಳ ಕೋನದ ದೋಷ, ಫೋಕಸಿನಿಂದ ಹೋಗದು.

ಬಳಿಕ ಗ್ರೇಟಿಂಗ್ ತಿರುಗಿಸಿ ಅದೇ ಹಸಿರು ಗೆರೆಯನ್ನು ಎಡ ಅಂಚಿಗೂ ಬಲ ಅಂಚಿಗೂ ಒಯ್ಯಿರಿ. ಬೇರೆ ಬೇರೆ ಗೆರೆಗಳನ್ನು ಹೋಲಿಸಬೇಡಿ. ಎಡದಲ್ಲಿ ಫೋಕಸ್ ಮುಂದಕ್ಕೂ ಬಲದಲ್ಲಿ ಹಿಂದಕ್ಕೂ ಸಿಕ್ಕರೆ ಡಿಟೆಕ್ಟರ್ ಮುಖ ವಾರೆಯಾಗಿದೆ. ಎಡ-ಬಲದ ಸ್ಕ್ರೂಗಳನ್ನು ಹೊಂದಿಸಿ. ಎರಡೂ ಅಂಚು ನಡುವಿಗಿಂತ ಒಂದೇ ರೀತಿ ಅಗಲವಾಗಿದ್ದರೆ ಫೋಕಸ್ ತಲವೇ ಬಾಗಿದೆ ಎಂದರ್ಥ. ನಡುವೆ ಚೂರು ಬಿಟ್ಟುಕೊಟ್ಟು ರಾಜಿಯಾಗಬೇಕು.

ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಮಾಡಿ. ಬಿಗಿಯುವಾಗಲೇ ಎಲ್ಲ ಕದಲುವುದು, ಹಾಗಾಗಿ ಮತ್ತೊಮ್ಮೆ ಅಳೆಯಿರಿ. ಕೊನೆಗೆ 365.02 ಮತ್ತು 365.48ರ ಜೋಡಿಗೆ ಹೋಗಿ: ನಡುವಿನ ಅಂತರ ಆರೇಳು ಪಿಕ್ಸೆಲ್, ಕಣಿವೆ ತಳ ಮುಟ್ಟಬೇಕು. ಡಿಟೆಕ್ಟರ್ ಸರಿದಿರುವುದರಿಂದ ಹಳೆಯ ತರಂಗಾಂತರದ ಮಾಪನಾಂಕ ಈಗ ಸುಳ್ಳು, ಹೊಸದಾಗಿ ಮಾಡಿ. ಕ್ಯಾಮೆರಾ ಕೂರುವ ಚಾಚುಪಟ್ಟಿಯ (ಫ್ಲ್ಯಾಂಜ್) ಮೇಲೆ ಪೆನ್ಸಿಲ್ ಗುರುತು ಹಾಕಿ ಮೈಕ್ರೋಮೀಟರ್ ಓದನ್ನು ಬರೆದಿಟ್ಟರೆ, ಮುಂದಿನ ಬಾರಿ ಕ್ಯಾಮೆರಾ ಬಿಚ್ಚಿದಾಗ ಅರ್ಧ ಕೆಲಸ ಕಡಿಮೆಯಾಗುತ್ತದೆ.