ಡಿಫಿಬ್ರಿಲೇಟರ್ ಅಳವಡಿಸಿಕೊಂಡವರ ಎದೆಯ ಎಕ್ಸ್-ರೇ: ರೋಗಿಯನ್ನು ನಿಲ್ಲಿಸುವ ಕ್ರಮ

ಡಿಫಿಬ್ರಿಲೇಟರ್ (ಹೃದಯದ ಬಡಿತ ಅಪಾಯಕಾರಿಯಾಗಿ ಏರುಪೇರಾದಾಗ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಸಾಧನ) ಅಳವಡಿಸಿದ ಬಳಿಕ ತೆಗೆಯುವ ಎಕ್ಸ್-ರೇಯಲ್ಲಿ ವೈದ್ಯರು ಮುಖ್ಯವಾಗಿ ನೋಡುವುದು ಸಾಧನಕ್ಕೆ ಜೋಡಿಸಿದ ತಂತಿಯ, ಅಂದರೆ ಲೀಡ್‌ನ ತುದಿ ತನ್ನ ಜಾಗದಲ್ಲಿದೆಯೇ, ತಂತಿ ಎಲ್ಲಾದರೂ ತುಂಡಾಗಿದೆಯೇ, ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡಿದೆಯೇ ಎಂಬುದನ್ನು. ರೋಗಿ ಸ್ವಲ್ಪ ಓರೆಯಾಗಿ ನಿಂತರೂ ಅಲುಗಾಡದ ಲೀಡ್ ಸರಿದಂತೆ ಕಾಣಬಹುದು. ಆದ್ದರಿಂದ ಸಾಧ್ಯವಾದಾಗಲೆಲ್ಲ ಹಿಂದಿನ ಚಿತ್ರದ ಭಂಗಿಯನ್ನೇ ಉಳಿಸಿಕೊಳ್ಳಬೇಕು.

ಮೊದಲು ಪಿಎ ಚಿತ್ರ, ಅಂದರೆ ಕಿರಣಗಳು ಬೆನ್ನಿನಿಂದ ಎದೆಯ ಕಡೆಗೆ ಹಾಯುವ ಚಿತ್ರ. ಎದೆಯನ್ನು ಚಿತ್ರ ಸೆರೆಹಿಡಿಯುವ ಫಲಕವಾದ ಡಿಟೆಕ್ಟರ್‌ಗೆ ತಾಗಿಸಿ, ಗದ್ದವನ್ನು ಮೇಲೆತ್ತಿ, ಅಂಗೈಗಳ ಹಿಂಬದಿಯನ್ನು ಸೊಂಟದ ಮೇಲಿರಿಸಿ, ಮೊಣಕೈಗಳನ್ನು ನಿಧಾನವಾಗಿ ಮುಂದಕ್ಕೆ ತರಲು ಹೇಳಿ. ಎಕ್ಸ್-ರೇ ಹೊರಸೂಸುವ ಟ್ಯೂಬ್ ಡಿಟೆಕ್ಟರ್‌ನಿಂದ ಸುಮಾರು 180 ಸೆಂ.ಮೀ. ದೂರದಲ್ಲಿರಲಿ. ಉಸಿರನ್ನು ಪೂರ್ತಿ ಎಳೆದು ಹಿಡಿದಾಗಲೇ ಚಿತ್ರ ತೆಗೆಯಬೇಕು, ಏಕೆಂದರೆ ಉಸಿರು ಬಿಟ್ಟಾಗ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ) ಮೇಲೇರಿ, ಲೀಡ್ ಇರುವುದಕ್ಕಿಂತ ಸಡಿಲವಾಗಿರುವಂತೆ ತೋರುತ್ತದೆ. ಎರಡು ಕೊರಳೆಲುಬುಗಳ ಒಳತುದಿಗಳು ಬೆನ್ನೆಲುಬಿನ ನಡುಗೆರೆಯಿಂದ ಸಮದೂರದಲ್ಲಿದ್ದರೆ ದೇಹ ತಿರುಗಿಲ್ಲವೆಂದು ತಿಳಿಯಬಹುದು.

ಹೆಚ್ಚು ಎಚ್ಚರ ಬೇಕಾಗುವುದು ಪಕ್ಕದ ಚಿತ್ರದಲ್ಲಿ. ಎಡಪಕ್ಕವನ್ನು ಡಿಟೆಕ್ಟರ್‌ಗೆ ತಾಗಿಸಿ ಎರಡೂ ಕೈಗಳನ್ನು ತಲೆಯ ಮೇಲೆತ್ತಿಸುವುದು ರೂಢಿ. ಆದರೆ ಅಳವಡಿಕೆಯಾದ ಬಳಿಕ ಸಾಮಾನ್ಯವಾಗಿ 4ರಿಂದ 6 ವಾರ ಸಾಧನವಿರುವ ಬದಿಯ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದೆಂದು ರೋಗಿಗೆ ಹೇಳಿರುತ್ತಾರೆ. ಅವಸರದಲ್ಲಿ ಮರೆತುಹೋಗುವುದೂ ಇದೇ. ಅಂಥವರು ಆ ಕೈಯನ್ನು ಮುಂದಕ್ಕೆ ಚಾಚಿ, ಭುಜದ ಮಟ್ಟದಲ್ಲಿ ಕಂಬಿಯನ್ನು ಹಿಡಿದುಕೊಳ್ಳಲಿ, ಇನ್ನೊಂದನ್ನಷ್ಟೇ ಎತ್ತಲಿ. ತೋಳಿನ ನೆರಳು ಎದೆಯ ಮೇಲ್ಭಾಗದ ಮೇಲೆ ಸ್ವಲ್ಪ ಬಿದ್ದರೂ, ಲೀಡ್‌ನ ತುದಿ ಅದಕ್ಕಿಂತ ಕೆಳಗಿರುವುದರಿಂದ ಅದನ್ನು ಸಹಿಸಿಕೊಳ್ಳಬಹುದು. ಕೈ ಎತ್ತಲಾಗದೆಂದು ಪಕ್ಕದ ಚಿತ್ರವನ್ನೇ ಬಿಟ್ಟುಬಿಡುವುದು ಮಾತ್ರ ಸರಿಯಲ್ಲ. ಬಲ ಹೃತ್ಕುಕ್ಷಿಯ (ಹೃದಯದ ಕೆಳಗಿನ ಕೋಣೆಯ) ಲೀಡ್ ಎದೆಮೂಳೆಯ ಕಡೆಗೆ ಮುಂದಕ್ಕೆ ಸಾಗಿದೆಯೇ, ಎಡ ಹೃತ್ಕುಕ್ಷಿಗೆಂದು ಹಾಕಿದ ಲೀಡ್ ಹಿಂದಕ್ಕೆ ಬಾಗಿದೆಯೇ ಎಂಬುದು ಪಿಎ ಚಿತ್ರವೊಂದರಿಂದಲೇ ಖಚಿತವಾಗುವುದಿಲ್ಲ.

ನಿಲ್ಲಲಾಗದವರನ್ನು ಆದಷ್ಟು ಕೂರಿಸಿಯೇ ತೆಗೆಯಿರಿ, ಮಲಗಿದವರಲ್ಲಿ ಶ್ವಾಸಕೋಶದ ಸುತ್ತ ಸೇರಿದ ಅಲ್ಪ ಪ್ರಮಾಣದ ಗಾಳಿ ಕಣ್ತಪ್ಪಬಹುದು. ಭಂಗಿಯನ್ನು ಚಿತ್ರದ ಮೇಲೆ ನಮೂದಿಸಿ. ಇಸಿಜಿ ತಂತಿಗಳನ್ನು ಬದಿಗೆ ಸರಿಸಿ, ಆದರೆ ದಾದಿಯನ್ನು ಕೇಳದೆ ಕಳಚಬೇಡಿ.

ರೋಗಿಯನ್ನು ಕಳುಹಿಸುವ ಮುನ್ನ ಸಾಧನ ಇಡಿಯಾಗಿ ಚೌಕಟ್ಟಿನೊಳಗೆ ಬಂದಿದೆಯೇ ಎಂದು ನೋಡಿ. ಚರ್ಮದಡಿಯಲ್ಲಷ್ಟೇ ಲೀಡ್ ಇರುವ ಬಗೆಯಲ್ಲಿ ಸಾಧನ ಎಡಕಂಕುಳ ಕೆಳಗಿರುತ್ತದೆ, ಅಂಚು ಕತ್ತರಿಸಿಹೋಗುವುದು ಅಲ್ಲಿಯೇ. ಬಳಿಕ ಚಿತ್ರವನ್ನು ದೊಡ್ಡದು ಮಾಡಿ, ಲೀಡ್‌ನ ಪಿನ್ (ಸಾಧನದೊಳಗೆ ಸೇರುವ ತುದಿ) ಸಾಧನದ ಸ್ಕ್ರೂ ಇರುವ ಭಾಗವನ್ನು ದಾಟಿ ಒಳಗೆ ಹೋಗಿರುವುದು ಸ್ಪಷ್ಟವಾಗಿ ಕಾಣುವಂತಿದೆಯೇ ಎಂದು ಪರೀಕ್ಷಿಸಿ.