ಗಡಿ ದಾಟಿ ಬಂದ ಮಗುವಿನ ಕಡತ

ಬೇರೆ ದೇಶದಿಂದ ಮಗುವನ್ನು ದತ್ತು ಪಡೆದವರು ಮೊದಲು ಪೌರತ್ವದ ಕಾಗದವನ್ನು ನೋಡಿ. ದತ್ತು ಆದೇಶ ಕೈಗೆ ಬಂದ ಮಾತ್ರಕ್ಕೆ ಎಲ್ಲೆಡೆ ಪೌರತ್ವ ತಾನಾಗಿ ಬರುವುದಿಲ್ಲ. ವಿದೇಶದಿಂದ ದತ್ತು ಬಂದ ಮಕ್ಕಳಿಗೆ ತಾನಾಗಿ ಪೌರತ್ವ ಸಿಗುವಂತೆ ಮಾಡಿದ ಅಮೆರಿಕದ 2000ದ ಮಕ್ಕಳ ಪೌರತ್ವ ಕಾಯ್ದೆ 2001ರ ಫೆಬ್ರವರಿ 27ರಂದು ಜಾರಿಯಾದಾಗ, ಅಷ್ಟರಲ್ಲೇ 18 ತುಂಬಿದ್ದವರು ಅದರಿಂದ ಹೊರಗುಳಿದರು. ಅಲ್ಲಿಯೇ ಬೆಳೆದಿದ್ದ ಕೆಲವರನ್ನು ಗಡೀಪಾರು ಕೂಡ ಮಾಡಲಾಯಿತು. ಇದನ್ನು ಓದಿದ ರಾತ್ರಿಯೇ ನಾನು ಮಗಳ ಕಡತವನ್ನು ಬಿಚ್ಚಿ ಕುಳಿತೆ.

ಆ ಕಡತದಲ್ಲಿ ಮೂಲ ಜನನ ಪತ್ರ, ಮೊದಲ ಹೆಸರು ಅದರದೇ ಲಿಪಿಯಲ್ಲಿ, ಹಳೆಯ ಪಾಸ್‌ಪೋರ್ಟ್ ಇರಲಿ. ಅವಧಿ ಮುಗಿಯಿತೆಂದು ಯಾವುದನ್ನೂ ಎಸೆಯಬೇಡಿ. ತಮ್ಮ ಬಳಿಯಿರುವ, ಮಗುವಿನ ಮೂಲದ ಮಾಹಿತಿಯನ್ನು ಕಾಪಾಡುವ ಹೊಣೆಯನ್ನು ದೇಶ-ದೇಶಗಳ ನಡುವಿನ ದತ್ತು ಕುರಿತ 1993ರ ಹೇಗ್ ಒಡಂಬಡಿಕೆಯ 30ನೇ ವಿಧಿ ಅಧಿಕಾರಿಗಳಿಗೆ ವಹಿಸಿದೆ; ಆದರೂ ಒಂದು ಪ್ರತಿ ನಿಮ್ಮಲ್ಲಿರಲೇಬೇಕು. ಕಾಗದದಲ್ಲಿ ಇಲ್ಲದ್ದನ್ನು ಕಥೆ ಕಟ್ಟಿ ತುಂಬಬೇಡಿ.

ಇನ್ನು, "ನೀನು ನಿಜವಾಗಿ ಯಾವ ದೇಶದವಳು?" ಎಂಬ ಪ್ರಶ್ನೆ. ಮೊದಲೆಲ್ಲ ನಾನೇ ಮುನ್ನುಗ್ಗಿ ಉತ್ತರಿಸುತ್ತಿದ್ದೆ. ಏಳರ ವಯಸ್ಸಿನಲ್ಲಿ ಮಗಳು ಕೈ ಜಗ್ಗಿ, "ಅಮ್ಮ, ನಾನೇ ಹೇಳುತ್ತೇನೆ" ಎಂದಳು. ಅಂದು "ಎರಡೂ" ಎಂದಳು. ಮರುವರ್ಷ ಬೇರೆ ಉತ್ತರ. ತಿದ್ದಬೇಡಿ. ಉತ್ತರಿಸದೆ ಮುಂದೆ ನಡೆಯಬಹುದು ಎಂಬುದನ್ನೂ ಮನೆಯಲ್ಲಿ ಮೊದಲೇ ಹೇಳಿಕೊಡಿ.